ಟಿಪ್ಪು ಹೆಸರಿನ ಜಗಳ ಗೊತ್ತುಂಟು, ಟಿಪ್ಪು ಸೆಟ್ಟಿನಲ್ಲಿ ಸುಟ್ಟು ಹೋದ 62 ಜನ ಗೊತ್ತುಂಟಾ?

ಕಬಕ: ಟಿಪ್ಪು ಸುಲ್ತಾನ್ ಹೆಸರು ಕೇಳಿದರೆ ನಮ್ಮ ಕಡೆ ಎರಡು ಪಕ್ಷ ಆಗಲು ಎರಡು ನಿಮಿಷ ಸಾಕು. 2021ರ ಆಗಸ್ಟ್ 15ರಂದು ಕಬಕ ಗ್ರಾಮ ಪಂಚಾಯತ್‌ನ ಸ್ವಾತಂತ್ರ್ಯೋತ್ಸವದ ರಥ ಹೊರಟಾಗ ಏನಾಯಿತು ಅಂತ ಇಲ್ಲಿಯವರಿಗೆ ನೆನಪಿದೆ. ರಥದಲ್ಲಿದ್ದ ಸಾವರ್ಕರ್ ಚಿತ್ರಕ್ಕೆ ಎಸ್‌ಡಿಪಿಐ ಕಾರ್ಯಕರ್ತರು ಆಕ್ಷೇಪ ಎತ್ತಿದರು, ಟಿಪ್ಪು ಚಿತ್ರ ಹಾಕಿ ಅಂದರು. ವಾಗ್ವಾದ ಆಯಿತು, ಪೊಲೀಸರು ಬಂದರು, ಬಂಧನವೂ ಆಯಿತು. ಒಂದು ದಿನದ ಮಟ್ಟಿಗೆ ಕಬಕ ಜಂಕ್ಷನ್ ರಾಜ್ಯದ ಎಲ್ಲ ಟಿವಿಯಲ್ಲಿ ಬಂತು.

ಅದೇ ಟಿಪ್ಪು ಹೆಸರಿನಲ್ಲಿ, ಕಬಕದ ಮುಂದೆ ಹಾದು ಹೋಗುವ ಇದೇ ಮಾಣಿ–ಮೈಸೂರು ರಸ್ತೆಯ ಆ ತುದಿಯಲ್ಲಿ ನಡೆದ ಇನ್ನೊಂದು ಸಂಗತಿ ಉಂಟು. ಅದರ ಬಗ್ಗೆ ನಮ್ಮಲ್ಲಿ ಯಾರೂ ಜಗಳ ಮಾಡಿದ್ದಿಲ್ಲ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಶೂಟಿಂಗ್ ನಡೆಯುತ್ತಿದ್ದಾಗ ಬೆಂಕಿ ಹತ್ತಿತು. ಸತ್ತವರ ಸಂಖ್ಯೆ ಕೊನೆಗೆ 62ಕ್ಕೆ ಮುಟ್ಟಿತು.

ಆಗ ಹುಟ್ಟಿರದ ನಮ್ಮಂಥವರಿಗೆ ಈ ವಿಷಯ ಗೊತ್ತಿಲ್ಲ. ಆಗ ಟಿವಿ ನೋಡಿದ ಹಿರಿಯರನ್ನು ಕೇಳಿದರೆ ಧಾರಾವಾಹಿ ನೆನಪಿದೆ, ಟಿಪ್ಪು ವೇಷದಲ್ಲಿದ್ದ ಸಂಜಯ್ ಖಾನ್ ನೆನಪಿದೆ, ಬೆಂಕಿ ಅರ್ಧಂಬರ್ಧ ನೆನಪಿದೆ. ಈಗ ನಮ್ಮ ಪುತ್ತೂರು, ಸುಳ್ಯ, ಕಡಬ ಕಡೆಗೂ ಕ್ಯಾಮರಾ ಹಿಡಿದುಕೊಂಡು ಬರುವವರು ಹೆಚ್ಚಾಗಿದ್ದಾರೆ. ಹಾಗಾಗಿ ಆ ದಿನ ಏನು ತಪ್ಪಾಯಿತು, ಆಮೇಲೆ ನಾವು ಯಾವುದರ ಬಗ್ಗೆ ಮಾತಾಡಿದೆವು, ಯಾವುದನ್ನು ಬಿಟ್ಟೆವು ಅಂತ ತಿಳಿದುಕೊಳ್ಳುವುದು ಒಳ್ಳೆಯದು.

ಧಾರಾವಾಹಿಗೆ ವಿರೋಧ ಯಾಕೆ ಬಂತು?

ಭಗವಾನ್ ಎಸ್. ಗಿದ್ವಾನಿ ಎಂಬವರು 1976ರಲ್ಲಿ ಇಂಗ್ಲಿಷಿನಲ್ಲಿ ಟಿಪ್ಪು ಬಗ್ಗೆ ಒಂದು ಕಾದಂಬರಿ ಬರೆದರು. ಇತಿಹಾಸ ಪುಸ್ತಕ ಅಲ್ಲ, ಕಾದಂಬರಿ. ಅದನ್ನು ಹಿಡಿದು ಹಿಂದಿ ನಟ ಸಂಜಯ್ ಖಾನ್ ದೂರದರ್ಶನಕ್ಕೆ ಧಾರಾವಾಹಿ ಮಾಡಲು ಹೊರಟರು. ಟಿಪ್ಪು ಪಾತ್ರ ಅವರದ್ದೇ, ನಿರ್ಮಾಣವೂ ಅವರದ್ದೇ. ಅವರ ತಮ್ಮ ಅಕ್ಬರ್ ಖಾನ್ ಕೂಡ ನಿರ್ದೇಶನದಲ್ಲಿದ್ದರು.

ಆಗ ಖಾಸಗಿ ಚಾನೆಲ್ ಇನ್ನೂ ಬಂದಿರಲಿಲ್ಲ, ಇದ್ದದ್ದು ಸರಕಾರದ ದೂರದರ್ಶನ ಮಾತ್ರ. ರಾಮಾಯಣ, ಮಹಾಭಾರತ ಬರುವ ಹೊತ್ತಿಗೆ ಭಾನುವಾರ ಪೇಟೆಯಲ್ಲಿ ಜನ ಇರುತ್ತಿರಲಿಲ್ಲ ಅಂತ ಹಿರಿಯರು ಹೇಳುವುದನ್ನು ಕೇಳಿದ್ದೀರಿ. ಅಂಥ ಪರದೆ ಮೇಲೆ ಟಿಪ್ಪುವನ್ನು ನಾಯಕನಾಗಿ ತೋರಿಸುವುದು ಎಂದರೆ ಸರಕಾರವೇ ಅದಕ್ಕೆ ಠಸ್ಸೆ ಒತ್ತಿದ ಹಾಗೆ ಅಂತ ವಿರೋಧಿಸುವವರು ಹೇಳಿದರು.

ವಿರೋಧಕ್ಕೆ ಹಿನ್ನೆಲೆಯೂ ಉಂಟು. ಮಲಬಾರಿನಲ್ಲಿ, ಕೊಡಗಿನಲ್ಲಿ ಟಿಪ್ಪು ದಂಡಯಾತ್ರೆಯ ನೆನಪು ಕಹಿಯದ್ದು. ನಮ್ಮ ಜಿಲ್ಲೆಯಲ್ಲೇ 1784ರಲ್ಲಿ ಕರಾವಳಿಯ ಕ್ಯಾಥೊಲಿಕರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ ಕಥೆ ಆ ಮನೆತನಗಳಲ್ಲಿ ಇಂದಿಗೂ ಇದೆ. ಇನ್ನೊಂದು ಕಡೆ, ಬ್ರಿಟಿಷರ ಎದುರು ಹೋರಾಡಿ 1799ರ ಮೇ 4ರಂದು ಕೋಟೆಯಲ್ಲೇ ಸತ್ತ ರಾಜ, ಶೃಂಗೇರಿ ಮಠದ ಜೊತೆ ಗೌರವದ ಪತ್ರ ವ್ಯವಹಾರ ಇಟ್ಟುಕೊಂಡವನು ಎಂಬುದೂ ದಾಖಲೆಯಲ್ಲಿದೆ. ಮಂಗಳೂರಿನ ಸುಲ್ತಾನ್ ಬತ್ತೇರಿ, ಬೆಳ್ತಂಗಡಿಯ ಜಮಲಾಬಾದ್ ಕೋಟೆ ಎರಡೂ ಅವನ ಕಾಲದ್ದೇ. ಒಂದೇ ಜಿಲ್ಲೆಯಲ್ಲಿ ಒಬ್ಬರ ಮನೆಯಲ್ಲಿ ವೀರ, ಇನ್ನೊಬ್ಬರ ಮನೆಯಲ್ಲಿ ದಾಳಿಕೋರ. ಹಾಗಾಗಿ ಈ ವಾದ ಬೇಗ ಮುಗಿಯುವಂಥದ್ದಲ್ಲ.

ಧಾರಾವಾಹಿ ಪ್ರಸಾರ ನಿಲ್ಲಿಸಬೇಕು ಅಂತ ಕೋರ್ಟಿಗೆ ಹೋದವರಿದ್ದರು. ಕೊನೆಗೆ 1990ರಲ್ಲಿ ಪ್ರಸಾರ ಶುರುವಾಯಿತು. ಇದು ಕಾಲ್ಪನಿಕ, ಗಿದ್ವಾನಿ ಕಾದಂಬರಿಯ ನಾಟಕ ರೂಪ, ನಿಜವಾದ ಇತಿಹಾಸ ಅಂತ ನಾವು ಹೇಳುವುದಿಲ್ಲ ಎಂಬ ಅರ್ಥದ ಸೂಚನೆ ಪರದೆ ಮೇಲೆ ಬಂತು. ಅಂದರೆ ನೋಡುವವರ ಮನಸ್ಸಿಗೆ ಏನಾದೀತು ಎಂಬ ಪ್ರಶ್ನೆಗೆ ಸರಕಾರ, ಕೋರ್ಟು, ಪತ್ರಿಕೆ ಎಲ್ಲರೂ ಸೇರಿ ಒಂದು ಉತ್ತರ ಹುಡುಕಿದರು.

ಮಾಡುವವರ ದೇಹಕ್ಕೆ ಏನಾದೀತು ಎಂಬ ಪ್ರಶ್ನೆ ಅದಕ್ಕಿಂತ ಮೊದಲೇ ಬಂದಿತ್ತು. ಅದಕ್ಕೆ ಉತ್ತರ ಹುಡುಕಿದವರು ಕಡಿಮೆ.

ಫೆಬ್ರವರಿ 8ರಂದು ಏನಾಯಿತು?

ಪ್ರೀಮಿಯರ್ ಸ್ಟುಡಿಯೊ ಇದ್ದದ್ದು ಮೈಸೂರಿನ ಹುಣಸೂರು ರಸ್ತೆಯಲ್ಲಿ. ಪುತ್ತೂರಿನಿಂದ ಮಡಿಕೇರಿ ದಾಟಿ ಮೈಸೂರಿಗೆ ಹೋಗುವ ಬಸ್ಸು ಊರು ಸೇರುವುದು ಅದೇ ರಸ್ತೆಯಲ್ಲಿ. ಕನ್ನಡದ ಎಷ್ಟೋ ಹಳೇ ಸಿನಿಮಾಗಳು ತಯಾರಾದ ಜಾಗ ಅದು. ಅಲ್ಲಿ ಒಳಾಂಗಣದಲ್ಲಿ ಅರಮನೆಯ ಸೆಟ್ ಹಾಕಿದ್ದರು.

ಬೆಂಕಿ ಶುರುವಾದದ್ದು ಹೇಗೆ ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ವಿವರಣೆ ಇದೆ. ದೃಶ್ಯಕ್ಕೆ ಹಚ್ಚಿದ ಪಟಾಕಿಯ ಕಿಡಿ ಅಂತ ಒಂದು ಮಾತು, ಸಡಿಲವಾಗಿದ್ದ ವೈರಿಂಗ್ ಅಂತ ಇನ್ನೊಂದು ಮಾತು. ಆದರೆ ಬೆಂಕಿ ಅಷ್ಟು ಬೇಗ ಹಬ್ಬಿದ್ದು ಯಾಕೆ ಎಂಬುದಕ್ಕೆ ಕೊಡುವ ಕಾರಣಗಳು ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ.

ಒಂದು, ಗೋಣಿ. ಮಾತು ಪ್ರತಿಧ್ವನಿಸಬಾರದು ಅಂತ ಗೋಡೆಗೆಲ್ಲ ಗೋಣಿಚೀಲ ನೇತು ಹಾಕಿದ್ದರು. ಒಣ ಗೋಣಿಗೆ ಬೆಂಕಿ ಎಷ್ಟು ಬೇಗ ಹಿಡಿಯುತ್ತದೆ ಅಂತ ನಮ್ಮ ಅಡಿಕೆ ಅಂಗಡಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡು, ಗಾಳಿ. ಒಳಗೆ ವೆಂಟಿಲೇಟರ್ ಇರಲಿಲ್ಲ. ಶೂಟಿಂಗಿಗೆ ಹಾಕುವ ಆ ಕಾಲದ ದೊಡ್ಡ ಲೈಟುಗಳು ಬೆಳಕಿನಷ್ಟೇ ಬಿಸಿಯನ್ನೂ ಕೊಡುತ್ತಿದ್ದವು. ಮುಚ್ಚಿದ ಜಾಗ, ಕಾದ ಗಾಳಿ, ಮರ, ಬಟ್ಟೆ, ಬಣ್ಣದ ಸೆಟ್. ಇಂಥ ಕಡೆ ಜ್ವಾಲೆ ಮುಟ್ಟುವ ಮೊದಲೇ ಹೊಗೆ ಜನರನ್ನು ಕೆಡವುತ್ತದೆ.

ಮೂರು, ನಂದಿಸುವ ಸಾಮಾನು. ಇದ್ದದ್ದು ಸ್ವಲ್ಪ ಮರಳು ಮತ್ತು ಕೆಲವು ಬಕೆಟ್ ನೀರು.

ಪಟಾಕಿಯ ವಿಷಯ ಬಂದದ್ದರಿಂದ ಒಂದು ಮಾತು. ನಮ್ಮ ಪುತ್ತೂರು ಜಾತ್ರೆಯ ಬೆಡಿ ನೋಡದವರು ಯಾರಿದ್ದಾರೆ? ಆಕಾಶವೇ ಬಿರಿದ ಹಾಗೆ ಸಿಡಿಯುತ್ತದೆ. ಆದರೆ ಅದು ಬಯಲಲ್ಲಿ ಸಿಡಿಯುತ್ತದೆ, ಮೇಲೆ ಮಾಡು ಇಲ್ಲ, ಜನರಿಗೂ ಬೆಡಿಗೂ ನಡುವೆ ಅಂತರ ಇರುತ್ತದೆ. ಅದೇ ಬೆಡಿಯ ಒಂದು ತುಂಡನ್ನು ಗೋಣಿ ಹೊದೆಸಿದ ಶೆಡ್ಡಿನ ಒಳಗೆ, ನೂರಾರು ಜನರ ಮಧ್ಯೆ ಹಚ್ಚಿ ಅಂದರೆ ನಮ್ಮ ಊರಿನ ಯಾವ ಬೆಡಿಯವನೂ ಒಪ್ಪಲಿಕ್ಕಿಲ್ಲ.

ಹಾಗಂತ ಇದು ಒಬ್ಬ ದುಷ್ಟ ನಿರ್ಮಾಪಕನ ಕಥೆ ಅಂತ ತಿಳಿಯಬೇಡಿ. ಸಂಜಯ್ ಖಾನ್ ಅವರೂ ಆ ಬೆಂಕಿಯಲ್ಲೇ ಇದ್ದರು. ತೀವ್ರ ಸುಟ್ಟಗಾಯಗಳಾಗಿ 13 ತಿಂಗಳು ಆಸ್ಪತ್ರೆಯಲ್ಲಿದ್ದರು, 70ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಬದುಕಿ ಬಂದು ಮತ್ತೆ ಟಿಪ್ಪು ವೇಷ ಹಾಕಿ ಕೆಲಸ ಮುಗಿಸಿದರು. ಅದು ಸಣ್ಣ ಧೈರ್ಯ ಅಲ್ಲ. ಅವರ ಕಥೆ ಪತ್ರಿಕೆಗಳಲ್ಲಿ ಬಂತು, ಬರಬೇಕಾದ್ದೇ. ಲೈಟ್ ಹಿಡಿದವರು, ಸೆಟ್ ಕಟ್ಟಿದವರು, ದಿನದ ಬಾಟಾಕ್ಕೆ ಗುಂಪಿನಲ್ಲಿ ನಿಂತವರ ಕಥೆ ಮಾತ್ರ ‘62 ಮಂದಿ ಸಾವು’ ಎಂಬ ಒಂದು ಸಾಲಿನಲ್ಲಿ ಮುಗಿಯಿತು. ಸಂತ್ರಸ್ತರಿಗೆ ಸಿಕ್ಕಿದ್ದು 5,000 ರೂಪಾಯಿಯ ಹೆಸರಿಗಷ್ಟೇ ಪರಿಹಾರ ಅಂತ ಈ ದುರಂತದ ಬಗ್ಗೆ ಬರೆದವರು ಇವತ್ತಿಗೂ ಬರೆಯುತ್ತಾರೆ.

ಆಗ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. ಎರಡೂವರೆ ತಿಂಗಳು ಕಳೆಯುವುದರೊಳಗೆ, ಏಪ್ರಿಲ್ 21ರಂದು, ಅವರ ಸರಕಾರವೇ ವಜಾ ಆಯಿತು. ರಾಜ್ಯದ ಗಮನ ಪೂರ್ತಿ ಆ ಕಡೆ ತಿರುಗಿತು.

ಇದೇ ಮೊದಲ ಪಾಠವೂ ಆಗಿರಲಿಲ್ಲ. ಅದಕ್ಕೆ ಸರಿಯಾಗಿ ಎಂಟು ವರ್ಷ ಮೊದಲು, 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಮಂದಿ ಸತ್ತಿದ್ದರು. ಹೆಚ್ಚಿನವರು ಮಕ್ಕಳು.

ಕಾನೂನು ಎಲ್ಲಿತ್ತು?

ನಮ್ಮ ದೇಶದಲ್ಲಿ ಸಿನಿಮಾಕ್ಕೆ ಮೊದಲ ಕಾಯ್ದೆ ಬಂದದ್ದು 1918ರಲ್ಲಿ, ಬ್ರಿಟಿಷರ ಕಾಲದಲ್ಲಿ. ಅದಕ್ಕೆ ಎರಡು ಉದ್ದೇಶ ಇತ್ತು. ಟಾಕೀಸಿನಲ್ಲಿ ಕುಳಿತವರಿಗೆ ಬೆಂಕಿಯಿಂದ ಅಪಾಯ ಆಗಬಾರದು, ಮತ್ತು ಆಕ್ಷೇಪಾರ್ಹ ಚಿತ್ರ ತೋರಿಸಬಾರದು. ಅಂದಿನಿಂದ ಟಾಕೀಸಿಗೆ ಲೈಸೆನ್ಸ್ ಬೇಕು, ಸಿನಿಮಾಕ್ಕೆ ಸೆನ್ಸಾರ್ ಬೇಕು. ಎರಡೂ ನೋಡುವವರಿಗಾಗಿ. ಆ ಚಿತ್ರ ತಯಾರಾಗುವ ಜಾಗದಲ್ಲಿ ನಿಂತವರ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ.

1981ರಲ್ಲಿ ಸಿನಿಮಾ ಕಾರ್ಮಿಕರಿಗೆ ಅಂತಲೇ ಒಂದು ಕೇಂದ್ರ ಕಾಯ್ದೆ ಬಂತು. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಲಿಖಿತ ಒಪ್ಪಂದ ಬೇಕು ಅಂತ ಹೇಳಿತು. ಆದರೆ ಅದರ ವ್ಯಾಖ್ಯೆ ಹಿಡಿದದ್ದು ಪೂರ್ಣಾವಧಿಯ ಕಥಾಚಿತ್ರವನ್ನು. ಟಿವಿ ಧಾರಾವಾಹಿ ಎಂಬುದು ಆಗಷ್ಟೇ ಬೆಳೆಯುತ್ತಿದ್ದ ಕೂಸು.

ಕಾರ್ಮಿಕರ ಪರಿಹಾರ ಕಾಯ್ದೆ 1923ರಿಂದಲೇ ಇತ್ತು. 1984ರ ತಿದ್ದುಪಡಿ ಪ್ರಕಾರ ಕೆಲಸದಲ್ಲಿ ಸತ್ತವರ ಮನೆಯವರಿಗೆ ಕನಿಷ್ಠ 20,000 ರೂಪಾಯಿ ಅಂತ ಇತ್ತು. ಹಾಗಾದರೆ ಕಷ್ಟ ಎಲ್ಲಿ? ಕಾಗದದಲ್ಲಿ. ‘ನಾಳೆ ಬೆಳಿಗ್ಗೆ ಹತ್ತು ಜನ ಬೇಕು’ ಅಂತ ಬಾಯಿಮಾತಿನಲ್ಲಿ ಕರೆದುಕೊಂಡು ಹೋದವನು ಆ ದಿನ ಅಲ್ಲಿ ಕೆಲಸದಲ್ಲಿದ್ದ ಅಂತ ತೋರಿಸಲು ಏನುಂಟು? ಹಾಜರಿ ಪುಸ್ತಕದಲ್ಲಿ ಹೆಸರು ಬರೆಯದಿದ್ದರೆ, ಸತ್ತ ಮೇಲೂ ಅವನ ಹೆಸರು ಬರೆಯುವವರಿಲ್ಲ.

ಈಗ ಸ್ವಲ್ಪ ಬದಲಾಗಿದೆ. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಧಾರಾವಾಹಿ, ವೆಬ್ ಸರಣಿಯಲ್ಲಿ ದುಡಿಯುವವರನ್ನೂ ಒಳಗೆ ತಂದಿದೆ, ಅವರಿಗೂ ಲಿಖಿತ ಒಪ್ಪಂದ ಬೇಕು ಅನ್ನುತ್ತದೆ. ಅದು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಕರ್ನಾಟಕ ಸರಕಾರ 2024ರಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕ್ಷೇತ್ರದ ದುಡಿಮೆಗಾರರ ಕ್ಷೇಮನಿಧಿಗೆ ಅಂತ ಟಿಕೆಟ್ ಮೇಲೆ ಶೇ. 1ರಿಂದ 2ರ ತನಕ ಸೆಸ್ ಹಾಕುವ ಕಾಯ್ದೆ ಮಾಡಿದೆ. ಮೈಸೂರಿನ ಬೆಂಕಿಯಿಂದ ಲೆಕ್ಕ ಹಾಕಿದರೆ 35 ವರ್ಷ ಕಳೆದ ಮೇಲೆ.

ಒಂದು ಹೋಲಿಕೆ ನೋಡಿ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಟಾಕೀಸಿನಲ್ಲಿ ಬೆಂಕಿ ಬಿದ್ದು 59 ಪ್ರೇಕ್ಷಕರು ಸತ್ತರು. ಹೊರಗೆ ಹೋಗುವ ದಾರಿಗಳು ಮುಚ್ಚಿದ್ದವು. ಸತ್ತವರ ಮನೆಯವರು ಸಂಘ ಕಟ್ಟಿಕೊಂಡು ಸುಪ್ರೀಂ ಕೋರ್ಟ್ ತನಕ ಹೋದರು. 2015ರಲ್ಲಿ ಮಾಲಕರಿಗೆ ತಲಾ 30 ಕೋಟಿ ರೂಪಾಯಿ ಕಟ್ಟಲು ಆದೇಶ ಆಯಿತು. ಅವರಿಗೂ ಪೂರ್ತಿ ನ್ಯಾಯ ಸಿಕ್ಕಿತು ಅಂತ ಅನಿಸಲಿಲ್ಲ. ಆದರೂ ಉಪಹಾರ್ ಎಂಬ ಹೆಸರು ದೇಶಕ್ಕೆ ಗೊತ್ತು. ಪ್ರೀಮಿಯರ್ ಸ್ಟುಡಿಯೊದಲ್ಲಿ ಸತ್ತವರ ಸಂಖ್ಯೆ ಅದಕ್ಕಿಂತ ಮೂರು ಹೆಚ್ಚು. ಟಿಕೆಟ್ ತೆಗೆದು ಕುಳಿತವರ ಸಾವಿಗೂ, ಕೂಲಿಗೆ ನಿಂತವರ ಸಾವಿಗೂ ನಾವು ಒಂದೇ ತೂಕದ ಕಲ್ಲು ಇಡುವುದಿಲ್ಲ.

‘ಬೇಡ’ ಅಂತ ಹೇಳುವವರು ಯಾರು?

ಸೆಟ್ಟಿನಲ್ಲಿ ಸರಿ ತಪ್ಪಿನ ಪ್ರಶ್ನೆ ಬರುವುದು ಭಾಷಣದ ರೂಪದಲ್ಲಿ ಅಲ್ಲ. ‘ಇದೊಂದು ಶಾಟ್ ಮುಗಿಸಿಬಿಡುವ’ ಎಂಬ ಒಂದು ವಾಕ್ಯದಲ್ಲಿ ಬರುತ್ತದೆ. ಬಾಡಿಗೆಗೆ ತಂದ ಲೈಟು, ಕ್ಯಾಮರಾ, ಕಲಾವಿದರ ಕಾಲ್‌ಶೀಟ್, ಎಲ್ಲವೂ ದಿನದ ಲೆಕ್ಕ. ನಿಲ್ಲಿಸಿದರೆ ದುಡ್ಡು ಹೋಗುತ್ತದೆ. ಮ್ಯಾನೇಜರ್ ನಿರ್ದೇಶಕರ ಮುಖ ನೋಡುತ್ತಾನೆ, ನಿರ್ದೇಶಕರು ನಿರ್ಮಾಪಕರ ಮುಖ ನೋಡುತ್ತಾರೆ. ಅಪಾಯ ಮೊದಲು ಕಾಣುವುದು ವೈರ್ ಹಿಡಿದ ಹುಡುಗನಿಗೆ. ಅವನು ಹೇಳಿದರೆ ನಾಳೆಯಿಂದ ಅವನಿಗೆ ಕೆಲಸ ಇಲ್ಲ.

2016ರ ನವೆಂಬರ್ 7ರಂದು ‘ಮಾಸ್ತಿಗುಡಿ’ ಚಿತ್ರದ ಕ್ಲೈಮ್ಯಾಕ್ಸಿಗಾಗಿ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರಿನಿಂದ ಹಾರಿದ ಅನಿಲ್ ಮತ್ತು ಉದಯ್ ಇಬ್ಬರೂ ಮುಳುಗಿ ಸತ್ತರು. ತಮಗೆ ಈಜು ಅಷ್ಟಕ್ಕಷ್ಟೇ ಅಂತ ಹಾರುವ ಮೊದಲು ಟಿವಿ ಕ್ಯಾಮರಾದ ಎದುರೇ ಹೇಳಿಕೊಂಡಿದ್ದರು. ಹೇಳಿದ್ದನ್ನು ಇಡೀ ರಾಜ್ಯ ಕೇಳಿತು, ನಿಲ್ಲಿಸಲು ಮಾತ್ರ ಅಲ್ಲಿ ಯಾರೂ ಇರಲಿಲ್ಲ. 2021ರ ಆಗಸ್ಟಿನಲ್ಲಿ ಬಿಡದಿ ಹತ್ತಿರ ಇನ್ನೊಂದು ಚಿತ್ರದ ಸೆಟ್ಟಿನಲ್ಲಿ ಹೈಟೆನ್ಷನ್ ವಿದ್ಯುತ್ ತಗಲಿ ಫೈಟರ್ ಒಬ್ಬರು ಸತ್ತರು.

ವಿಷಯ ರಾಜಕೀಯದ್ದೋ ನಂಬಿಕೆಯದ್ದೋ ಆದರೆ ಕಷ್ಟ ಇನ್ನೂ ಹೆಚ್ಚು. ಗಲಾಟೆ ಆದೀತು ಅಂತ ತಂಡದವರು ಗೇಟು ಹಾಕಿಕೊಳ್ಳುತ್ತಾರೆ, ಹೊರಗಿನವರು ಏನು ಕೇಳಿದರೂ ವಿರೋಧಿಗಳು ಅಂತ ಕಾಣುತ್ತದೆ. ಹೊರಗೆ ನಿಂತವರೂ ‘ನಮ್ಮ ಪರವೋ, ವಿರುದ್ಧವೋ’ ಅಂತ ಮಾತ್ರ ನೋಡುತ್ತಾರೆ. 2025ರ ಜನವರಿಯಲ್ಲಿ ಸಕಲೇಶಪುರ ತಾಲೂಕಿನ ಗವಿಗುಡ್ಡ ಅರಣ್ಯದಲ್ಲಿ ‘ಕಾಂತಾರ’ ಎರಡನೇ ಚಿತ್ರದ ಶೂಟಿಂಗ್ ಬಗ್ಗೆ ಸ್ಥಳೀಯರು ಸ್ಫೋಟಕ ಬಳಸಿದ ಆರೋಪ ಮಾಡಿದರು, ಅರಣ್ಯ ಸಚಿವ ಈಶ್ವರ ಖಂಡ್ರೆ ಪರಿಶೀಲನೆಗೆ ಸೂಚಿಸಿದರು. ಅದೇ ವರ್ಷ ಮೇ ತಿಂಗಳಲ್ಲಿ ಆ ತಂಡದ ಜೂನಿಯರ್ ಆರ್ಟಿಸ್ಟ್ ಒಬ್ಬರು ಕೊಲ್ಲೂರಿನ ಸೌಪರ್ಣಿಕಾ ನದಿಯಲ್ಲಿ ಮುಳುಗಿ ಸತ್ತರು. ಅದು ಶೂಟಿಂಗ್ ಹೊತ್ತಿನಲ್ಲಿ ಆದದ್ದಲ್ಲ ಅಂತ ಚಿತ್ರತಂಡ ಹೇಳಿತು. ನಮ್ಮ ಕಡೆ ಆ ಸಿನಿಮಾದ ಬಗ್ಗೆ ದೈವದ ವೇಷ ಸರಿಯೋ ತಪ್ಪೋ ಅಂತ ತಿಂಗಳುಗಟ್ಟಲೆ ಚರ್ಚೆ ಆಯಿತು. ಆಗಲಿ, ಆ ಚರ್ಚೆ ಬೇಕು. ಹೊಳೆಗೆ ಇಳಿದ ಹುಡುಗನ ಬಗ್ಗೆ ಎಷ್ಟು ದಿನ ಮಾತಾಡಿದೆವು ಎಂದೂ ಒಮ್ಮೆ ಲೆಕ್ಕ ಹಾಕಬೇಕು.

ನಮ್ಮೂರಿಗೆ ಶೂಟಿಂಗ್ ಬಂದರೆ

ತುಳು ಸಿನಿಮಾ, ಕಿರುಚಿತ್ರ, ಆಲ್ಬಂ ಹಾಡು, ಮದುವೆಯ ಫೋಟೋಶೂಟ್. ಗುತ್ತಿನ ಮನೆ, ತೋಟ, ಕುಮಾರಧಾರೆಯ ದಡ, ಹಳೇ ಶಾಲೆ ಎಲ್ಲವೂ ಅವರಿಗೆ ಬೇಕು. ಬರುವುದು ಒಳ್ಳೆಯದೇ. ಹೋಟೆಲಿಗೆ, ಜೀಪಿನವರಿಗೆ, ಶಾಮಿಯಾನದವರಿಗೆ ನಾಲ್ಕು ಕಾಸು ಆಗುತ್ತದೆ. ಆದರೆ ಕೆಲವು ಕೇಳಲೇಬೇಕಾದ ಪ್ರಶ್ನೆ ಉಂಟು.

ಜಾಗ ಕೊಡುವವರು: ಪಂಚಾಯತ್, ಪೊಲೀಸ್, ಅರಣ್ಯ ಜಾಗವಾದರೆ ಅರಣ್ಯ ಇಲಾಖೆ, ಯಾರಿಂದ ಅನುಮತಿ ಪಡೆದಿದ್ದಾರೆ ಅಂತ ಕೇಳಿ, ಪ್ರತಿ ಇಟ್ಟುಕೊಳ್ಳಿ. ಅನುಮತಿಯಲ್ಲಿ ಬರೆದದ್ದಕ್ಕಿಂತ ಹೆಚ್ಚಿಗೆ ಏನಾದರೂ ಮಾಡಲು ಹೊರಟರೆ ಅಲ್ಲೇ ನಿಲ್ಲಿಸಿ ಅನ್ನಿ.

ಕೆಲಸಕ್ಕೆ ಹೋಗುವ ಹುಡುಗರು: ಒಂದು ದಿನದ ಕೆಲಸವಾದರೂ ಹೆಸರು, ತಾರೀಕು, ಕೂಲಿ ಬರೆದ ಕಾಗದ ಕೇಳಿ. ಅದೂ ಆಗದಿದ್ದರೆ ಕರೆದವರ ಜೊತೆಗಿನ ವಾಟ್ಸ್ಆ್ಯಪ್ ಮೆಸೇಜ್ ಅಳಿಸಬೇಡಿ. ಈಜು ಬಾರದಿದ್ದರೆ ಬಾರದು ಅಂತ ಹೇಳಿ, ಲೈಫ್ ಜಾಕೆಟ್ ಇಲ್ಲದೆ ಹೊಳೆಗೆ ಇಳಿಯಬೇಡಿ. ಕುಮಾರಧಾರೆ, ನೇತ್ರಾವತಿಯ ಗುಂಡಿಗಳು ಊರಿನವರಿಗೇ ಮೋಸ ಮಾಡುತ್ತವೆ.

ಲೈಟು, ಜನರೇಟರ್, ಶಾಮಿಯಾನ ಬಾಡಿಗೆಗೆ ಕೊಡುವವರು: ಸಾಮಾನು ನಿಮ್ಮದಾದರೆ ನಿಮಗೂ ಜವಾಬ್ದಾರಿ ಉಂಟು. ಸಿಪ್ಪೆ ಹೋದ ವೈರ್ ಕಳಿಸಬೇಡಿ. ಮನೆಯ ಮೀಟರಿನಿಂದ ಶೂಟಿಂಗ್ ಲೈಟು ಎಳೆಯಲು ಬಿಡಬೇಡಿ. ಕರೆಂಟಿನ ಬೆಂಕಿಗೆ ನೀರು ಹಾಕಬಾರದು, ಅದಕ್ಕೆ ಬೇರೆ ಸಿಲಿಂಡರ್ ಬೇಕು.

ಒಳಾಂಗಣದಲ್ಲಿ ಪಟಾಕಿ, ಹೊಗೆಬಾಂಬ್, ಪಂಜು: ಬೇಡ. ಬೇಕೇ ಬೇಕು ಅಂದರೆ ಅಗ್ನಿಶಾಮಕ ಠಾಣೆಗೆ ಮೊದಲೇ ತಿಳಿಸಿ ಅನ್ನಿ. ಪುತ್ತೂರಿನಲ್ಲೇ ಠಾಣೆ ಇದೆ. ತುರ್ತಿಗೆ 101 ಅಥವಾ 112.

ಇದು ಶೂಟಿಂಗಿಗೆ ಮಾತ್ರ ಅಲ್ಲ. ನಾಟಕ, ಸಂಗೀತ ರಸಮಂಜರಿ, ಶಾಲಾ ವಾರ್ಷಿಕೋತ್ಸವ, ಪಕ್ಷದ ಸಭೆ ಎಲ್ಲ ಕಡೆಯೂ ಅದೇ ಬಟ್ಟೆ, ಅದೇ ವೈರ್, ಅದೇ ಜನ. ನಮ್ಮ ಅಂಗಡಿಗಳ ಹಿಂಬಾಗಿಲು ನೋಡಿದರೂ ಸಾಕು, ಹೆಚ್ಚಿನ ಕಡೆ ಅಲ್ಲಿ ಸ್ಟಾಕ್ ರಾಶಿ ಹಾಕಿರುತ್ತೇವೆ.

ಟಿಪ್ಪು ವೀರನೋ ಅಲ್ಲವೋ, ಚಿತ್ರ ಹಾಕಬೇಕೋ ಬೇಡವೋ ಅಂತ ವಾದ ಮಾಡುವವರು ಮಾಡಲಿ. ವಾದ ಮಾಡಲು ಕುಳಿತುಕೊಳ್ಳುವ ಹಾಲಿಗೆ ಎರಡನೇ ಬಾಗಿಲು ಉಂಟಾ, ಅದಕ್ಕೆ ಬೀಗ ಹಾಕಿದ್ದಾರಾ ಅಂತ ಒಮ್ಮೆ ನೋಡಿ ಕುಳಿತುಕೊಳ್ಳಿ.